ಮಲ್ಪೆಯಲ್ಲೇ ಇರುವುದೋ, ಗಂಗೊಳ್ಳಿಗೆ ಹೋಗುವುದೋ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದ ಕಡಲಿನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅದು ಮೀನು ಮೊಟ್ಟೆಯಿಡುವ ಕಾಲ, ಮೇಲಾಗಿ ಮುಂಗಾರಿನ ಕಡಲು. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳನ್ನು ಬಿಟ್ಟರೆ ಉಳಿದ ಬೋಟುಗಳೆಲ್ಲ ಮೇ ಮುಗಿಯುವುದರೊಳಗೆ ದಡ ಸೇರಬೇಕು. ವರ್ಷದ ಉಳಿದ ಹತ್ತು ತಿಂಗಳು ಬಂದರು ಹೇಗೋ ನಡೆದುಹೋಗುತ್ತದೆ. ಅರ್ಧ ಬೋಟು ಒಳಗಿದ್ದರೆ ಅರ್ಧ ಹೊರಗಿರುತ್ತವೆ. ಈಗ ಮಾತ್ರ ಎಲ್ಲವೂ ಒಟ್ಟಿಗೆ ಮನೆಗೆ ಬರುತ್ತವೆ. ಮಲ್ಪೆಯ ದಕ್ಕೆಯಲ್ಲಿ ಜಾಗ ಎಷ್ಟು ಕಡಿಮೆ ಎಂಬುದು ಕಣ್ಣಿಗೆ ಬೀಳುವುದು ಆಗ. 'ಬೋಟನ್ನು ಬೇರೆ ಬಂದರಿಗೆ ಒಯ್ದರೆ ಹೇಗೆ' ಎಂಬ ಮಾತು ಮಾಲೀಕರ ನಡುವೆ ಏಳುವುದೂ ಆಗಲೇ.

ಆ ಮಾತಿಗೆ ಉತ್ತರ ಹುಡುಕುತ್ತಿದ್ದ ಮಾಲೀಕರೊಬ್ಬರ ಜೊತೆ ಈ ಬಂದರುಗಳನ್ನು ಸುತ್ತಿದೆ. ನಾನು ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯವನು. ನಮ್ಮ ಕಡೆ ನೀರೆಂದರೆ ಊರ ಕೆರೆ, ಹೆಚ್ಚೆಂದರೆ ಹಾನಗಲ್ಲು–ಸವಣೂರು ಸೀಮೆಯಲ್ಲಿ ಮಳೆಗಾಲಕ್ಕೆ ಉಕ್ಕುವ ವರದೆ. ಹೊಳೆ ದಾಟಲು ಹರಗೋಲು ಸಾಕಿದ್ದ ನಾಡು ಅದು. ಹರಗೋಲನ್ನು ದಡಕ್ಕೆ ಎಳೆದು ಬೋರಲು ಹಾಕಿದರೆ ಅದರ ನಿಲುಗಡೆ ಮುಗಿಯಿತು. ಕಡಲ ಮೀನು ನಮಗೆ ಗೊತ್ತಿರುವುದು ಘಟ್ಟ ಹತ್ತಿ ಮಂಜುಗಡ್ಡೆಯಲ್ಲಿ ಬರುವ ಬಂಗುಡೆಯಾಗಿ. ಆದರೆ ನಮ್ಮ ಜಿಲ್ಲೆಗಳ ಹುಡುಗರು ಕೂಲಿಗೆಂದು ಮಲ್ಪೆಗೆ ಇಳಿದು ವರ್ಷಗಳಾದವು. ಮೀನು ಹೊರುವುದು, ಮಂಜು ಒಡೆಯುವುದು, ಲಾರಿ ಓಡಿಸುವುದು ಅವರ ಕೆಲಸ. ನಮ್ಮೂರಿನ ಅಂಥ ಒಬ್ಬ ಲಾರಿ ಚಾಲಕನ ಮೂಲಕವೇ ಈ ಮಾಲೀಕರ ಪರಿಚಯವಾದದ್ದು. ಅವರದು ಆಳಸಮುದ್ರದ ತ್ರಾಲ್ ಬೋಟು. ಅವರ ಪ್ರಶ್ನೆ ಸರಳವಾಗಿತ್ತು: ಮಲ್ಪೆಯಲ್ಲೇ ಇರುವುದೋ, ಗಂಗೊಳ್ಳಿಗೆ ಹೋಗುವುದೋ?

ಮಲ್ಪೆ: ಬೋಟಿನ ಮೇಲೆ ಬೋಟು

ಉಡುಪಿಯಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ಹೋದರೆ ಮಲ್ಪೆ. ಉದ್ಯಾವರ ಹೊಳೆ ಕಡಲಿನ ಪಕ್ಕದಲ್ಲೇ ಉತ್ತರಕ್ಕೆ ಹರಿದು ಬಂದು ಇಲ್ಲಿ ಸಮುದ್ರ ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಪಡುಕೆರೆಯ ಮರಳಿನ ಪಟ್ಟಿ. ಬಂದರು ಇರುವುದು ಹೊಳೆಯ ಒಳಮೈಯಲ್ಲಿ. ಹಾಗಾಗಿ ಕಡಲಿನ ತೆರೆ ನೇರವಾಗಿ ಬೋಟಿಗೆ ಬಡಿಯುವುದಿಲ್ಲ. ಆಚೆ ದರಿಯಾ ಬಹಾದ್ದೂರಗಡ ಮತ್ತು ಸೇಂಟ್ ಮೇರೀಸ್ ದ್ವೀಪಗಳು. ಈ ತೀರದ ಅತಿ ಹಳೆಯ ಕಥೆಯೂ ದಡ ಹುಡುಕುವ ಹಡಗಿನದೇ. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಪಾರು ಮಾಡಿದರು, ಅದರಲ್ಲಿದ್ದ ಗೋಪಿಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಸಿಕ್ಕ ಎಂದು ವಡಭಾಂಡೇಶ್ವರದಲ್ಲಿ ಇಂದಿಗೂ ಹೇಳುತ್ತಾರೆ.

ಬೆಳಗಿನ ಜಾವವೇ ಒಳಗೆ ಹೋಗಬೇಕು. ಹರಾಜು ಪ್ರಾಂಗಣದ ನೆಲವೆಲ್ಲ ನೀರು, ಮೀನಿನ ಪೊರೆ, ಪ್ಲಾಸ್ಟಿಕ್ ಬುಟ್ಟಿಗಳ ಸಾಲು. ಒಂದು ಕಡೆ ರಾಣಿಮೀನಿನ ರಾಶಿ. ಊಟದ ತಟ್ಟೆಗಿಂತ ಹೆಚ್ಚಾಗಿ ಅದು ಹೋಗುವುದು ಮೀನಿನ ಮಾಂಸ ಅರೆದು ಮಾಡುವ ಸುರಿಮಿಯ ಕಾರ್ಖಾನೆಗೆ. ಇನ್ನೊಂದು ಕಡೆ ಬೊಂಡಾಸ್ (ಸ್ಕ್ವಿಡ್) ಮತ್ತು ಕಪ್ಪೆ ಬೊಂಡಾಸ್ (ಕಟ್ಲ್‌ಫಿಶ್), ರಫ್ತಿನವರ ಸೊತ್ತು. ಅಂಜಲ್, ಮಾಂಜಿ, ಸಿಗಡಿಗಳ ಸುತ್ತ ಹೋಟೆಲಿನವರೂ ಹೊರ ಊರಿನ ವ್ಯಾಪಾರಿಗಳೂ ಸೇರಿರುತ್ತಾರೆ. ಬಂಗುಡೆ, ಭೂತಾಯಿಗೆ ಬುಟ್ಟಿ ಹಿಡಿದ ಮೊಗವೀರ ಹೆಂಗಸರು. ಯಾರಿಗೂ ಬೇಡವಾದ ಪುಡಿಮೀನಿಗೂ ಇಲ್ಲಿ ಗಿರಾಕಿ ಇದ್ದಾನೆ, ಫಿಶ್‌ಮೀಲ್ ಕಾರ್ಖಾನೆಯ ಲಾರಿ. ಬೋಟಿನಿಂದ ಇಳಿದ ಮೀನಿನಲ್ಲಿ ಕೊಳ್ಳುವವರಿಲ್ಲದೆ ಉಳಿಯುವುದು ಯಾವುದೂ ಇಲ್ಲ.

ಅಲ್ಲಿಂದ ದಕ್ಕೆಯ ಅಂಚಿಗೆ ಬಂದರೆ ಸಮಸ್ಯೆ ಕಣ್ಣೆದುರೇ. ದಡಕ್ಕೆ ತಾಗಿ ಒಂದು ಬೋಟು, ಅದರ ಪಕ್ಕಕ್ಕೆ ಕಟ್ಟಿದ ಇನ್ನೊಂದು, ಅದಕ್ಕೆ ಮತ್ತೊಂದು. ಹೊಳೆಯ ನಡುವಿನವರೆಗೆ ಮರ, ಫೈಬರ್, ಉಕ್ಕುಗಳ ಒಂದೇ ಸೇತುವೆ. ಕೊನೆಯ ಬೋಟಿಗೆ ಹೋಗಬೇಕಾದರೆ ಉಳಿದ ಬೋಟುಗಳ ಮೇಲೆ ಹಾಯ್ದು ಹೋಗಬೇಕು. ನಡುವೆ ಟಯರುಗಳು ತೂಗುತ್ತಿರುತ್ತವೆ. ತೆರೆ ಬಂದಾಗ ಎರಡು ಬೋಟುಗಳ ನಡುವಿನ ಸಂದಿ ಬಾಯಿ ತೆರೆದು ಮತ್ತೆ ಮುಚ್ಚುತ್ತದೆ. ರಾತ್ರಿ ಹೊತ್ತು ಆ ಸಂದಿಗೆ ಕಾಲು ಜಾರಿ ಬಿದ್ದ ಕಲಾಸಿಗಳ, ಎಂದರೆ ಬೋಟಿನ ಕೆಲಸಗಾರರ, ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ.

"ಎಂತ ಹೇಳುವುದು ಮಾರಾಯ್ರೇ," ಅಂದರು ಮಾಲೀಕರು. "ಒಳಗಿನ ಬೋಟು ಹೊರಡಬೇಕಾದರೆ ಹೊರಗಿನ ಬೋಟಿನವರನ್ನೆಲ್ಲ ಎಬ್ಬಿಸಬೇಕು. ಮೀನು ಇಳಿಸಲಿಕ್ಕೆ ಕಾಯಬೇಕು, ಡೀಸೆಲ್ಲಿಗೆ ಕಾಯಬೇಕು, ಮಂಜಿಗೆ ಕಾಯಬೇಕು. ಎಂಟು ದಿನ ಕಡಲಲ್ಲಿ ದುಡಿದು ದಡದಲ್ಲಿ ದಿನಗಟ್ಟಲೆ ಕೂತರೆ ಲೆಕ್ಕ ಹೊಂದುವುದು ಹೇಗೆ ಹೇಳಿ?"

ಕಾಯುವುದರ ಜೊತೆಗೆ ಹೂಳು. ಮಳೆಗಾಲದಲ್ಲಿ ಹೊಳೆ ತಂದ ಮಣ್ಣು ಬಂದರಿನ ತಳದಲ್ಲಿ ಕೂರುತ್ತದೆ. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಒಂದೂವರೆ, ಎರಡು ಮೀಟರ್ ಅಷ್ಟೇ. ಆದರೂ ತುಂಬಿದ ಬೋಟಿನ ತಳ ಕೆಸರಿಗೆ ತಾಗುವುದಕ್ಕೂ ತಾಗದಿರುವುದಕ್ಕೂ ಆ ಅಂತರ ಸಾಕು. ಹೂಳು ತೆಗೆಯುವ ಬೇಡಿಕೆ ಪ್ರತಿವರ್ಷ ಏಳುತ್ತದೆ. ತೆಗೆದಷ್ಟೂ ಮತ್ತೆ ತುಂಬುವುದು ಹೊಳೆಯ ಸ್ವಭಾವ.

ಬಂದರನ್ನು ಬೆಳೆಸಿಲ್ಲವೆಂದೇನೂ ಅಲ್ಲ. ಹಂತ ಹಂತವಾಗಿ ಬೆಳೆಸಿ ಬಾಪುತೋಟದ ಕಡೆಯ ಮೂರನೇ ಹಂತದವರೆಗೆ ತಂದಿದ್ದಾರೆ. ಅಲ್ಲೇ ಹಡಗು ಕಟ್ಟುವ ಯಾರ್ಡೂ ಇದೆ. ಹಿಂದೆ ಟೆಬ್ಮಾ ಎಂದಿದ್ದದ್ದನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡಿತು, ಈಗ ಅದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ಆದರೆ ದಕ್ಕೆ ಬೆಳೆದದ್ದಕ್ಕಿಂತ ಬೇಗ ಬೋಟುಗಳು ಬೆಳೆದವು, ಸಂಖ್ಯೆಯಲ್ಲೂ ಉದ್ದದಲ್ಲೂ. 1970ರ ದಶಕದ ನಡುವೆ ಪರ್ಸೀನ್ ಬಲೆ ಬಂದು ದಡದಿಂದ ಎಳೆಯುವ ರಂಪಣಿಯನ್ನು ಹಿಂದಕ್ಕೆ ಸರಿಸಿತು. ಆಮೇಲೆ ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಿದ್ದ ತ್ರಾಲ್ ಬೋಟುಗಳು ಎಂಟು, ಹತ್ತು ದಿನ ಹೊರಗಿರುವ ಆಳಸಮುದ್ರದ ಬೋಟುಗಳಾದವು. ಅಷ್ಟು ದಿನಕ್ಕೆ ಬೇಕಾದ ಡೀಸೆಲ್, ಮಂಜು, ಅಕ್ಕಿ, ನೀರು ಹೊರುವ ಹೊಟ್ಟೆ ಬೇಕಾಯಿತು. ಹಳೆಯ ಅಳತೆಯ ದಕ್ಕೆಗೆ ಹೊಸ ಅಳತೆಯ ಬೋಟು ಬಂದು ನಿಂತದ್ದು ಹೀಗೆ.

ಇಷ್ಟು ತಾಪತ್ರಯವಿದ್ದರೂ ಜನ ಯಾಕೆ ಬಿಟ್ಟು ಹೋಗುವುದಿಲ್ಲ? ನಮ್ಮ ಬ್ಯಾಡಗಿ ಪೇಟೆಯನ್ನು ಕಂಡವರಿಗೆ ಇದು ಬೇಗ ತಿಳಿದೀತು. ಸುಗ್ಗಿಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೂ ಬಳ್ಳಾರಿ, ರಾಯಚೂರು, ಆಂಧ್ರದ ರೈತರು ತಮ್ಮೂರಿನ ಮಾರುಕಟ್ಟೆ ದಾಟಿ ಅಲ್ಲಿಗೇ ಚೀಲ ಹೊತ್ತು ತರುತ್ತಾರೆ. ಯಾಕೆಂದರೆ ಕೊಳ್ಳುವವರೆಲ್ಲ ಅಲ್ಲಿದ್ದಾರೆ. ಮಲ್ಪೆಯ ಇಕ್ಕಟ್ಟೂ ಅದೇ ಜಾತಿಯದು. ಜಾಗ ಕಡಿಮೆಯಾದದ್ದು ಎಲ್ಲರೂ ಬಂದದ್ದರಿಂದ. ಎಲ್ಲರೂ ಬಂದದ್ದು ದರ ಸಿಗುವುದರಿಂದ.

ಹಂಗಾರಕಟ್ಟೆ: ಜಾಗವಿದೆ, ಸಂತೆಯಿಲ್ಲ

ಮಲ್ಪೆಯಿಂದ ಉತ್ತರಕ್ಕೆ, ಕಡಲಿನ ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್‌ನಲ್ಲಿ ಕೋಡಿಬೆಂಗ್ರೆಯ ಅಳಿವೆ. ರಸ್ತೆಯಲ್ಲಿ ಹೋದರೆ ಹೆದ್ದಾರಿಯಲ್ಲಿ ಸಾಸ್ತಾನದವರೆಗೆ ಹೋಗಿ ಎಡಕ್ಕೆ ತಿರುಗಬೇಕು. ಸೀತಾ ಮತ್ತು ಸುವರ್ಣಾ ನದಿಗಳು ಒಂದಾಗಿ ಕಡಲಿಗೆ ಹೋಗುವ ಜಾಗ ಇದು. ಒಳಗೆ ವಿಶಾಲವಾದ ಹಿನ್ನೀರು, ತೆಂಗಿನ ತೋಟಗಳ ಕುದುರುಗಳು, ಪ್ರವಾಸಿಗರ ಬೋಟ್‌ಹೌಸುಗಳು. ಬಾರಕೂರು ಆಳುಪರ ರಾಜಧಾನಿಯಾಗಿದ್ದ ಕಾಲದಿಂದ ಈ ಹೊಳೆಬಾಯಿಗೆ ವ್ಯಾಪಾರದ ನಂಟು. ಅಳಿವೆಯ ಒಳಗಿರುವ ಹಂಗಾರಕಟ್ಟೆ ಆ ಪಟ್ಟಣಕ್ಕೆ ಬಂದರಾಗಿತ್ತು.

ಈಗಿಲ್ಲಿ ಕೇಳುವುದು ಸುತ್ತಿಗೆಯ ಸದ್ದು. ಬೋಟು ಕಟ್ಟುವವರೂ ದುರಸ್ತಿ ಮಾಡುವವರೂ ಇದ್ದಾರೆ. ದಡಕ್ಕೆ ಎಳೆದ ಬೋಟಿನ ತಳದಿಂದ ಚಿಪ್ಪು ಕೆರೆಯುವುದು, ಬಣ್ಣ ಬಳಿಯುವುದು, ಪ್ರೊಪೆಲ್ಲರ್ ಬಿಚ್ಚುವುದು, ಹಲಗೆಗಳ ಸಂದಿಗೆ ಹತ್ತಿ ತುರುಕುವುದು ನಡೆದಿತ್ತು. ನೀರು ನಿಶ್ಚಲ. ಮಲ್ಪೆಯಲ್ಲಿ ಬೋಟನ್ನು ಕಟ್ಟಿ ಮನೆಗೆ ಹೋದವನಿಗೆ ಗಾಳಿ ಬೀಸಿದರೆ ನಿದ್ದೆ ಬಾರದು. ಪಕ್ಕದ ಬೋಟು ಬಡಿದು ಹಲಗೆ ಬಿರಿದೀತೆಂಬ ಭಯ. ಇಲ್ಲಿ ಆ ಭಯ ಕಡಿಮೆ.

ಆದರೆ ಅಳಿವೆ ಬಾಗಿಲನ್ನು ನೋಡದೆ ಯಾವ ಬಂದರನ್ನೂ ಒಪ್ಪಬಾರದು ಎಂದರು ಜೊತೆಗಿದ್ದ ಮಾಲೀಕರು. ನಾವು ಬಾರ್ಜ್‌ನಲ್ಲಿ ಹೊಳೆ ದಾಟಿ ಕೋಡಿಬೆಂಗ್ರೆಯ ತುದಿಗೆ ಹೋದೆವು. ಹೊಳೆಬಾಯಿಯಲ್ಲಿ ನಡೆಯುವ ಲೆಕ್ಕ ಹೀಗೆ: ಮಳೆಗಾಲದ ಹೊಳೆ ಮಣ್ಣನ್ನು ಹೊರಕ್ಕೆ ತಳ್ಳುತ್ತದೆ, ಮುಂಗಾರಿನ ತೆರೆ ಮರಳನ್ನು ಒಳಕ್ಕೆ ತಳ್ಳುತ್ತದೆ. ಎರಡೂ ಸೇರುವಲ್ಲಿ ನೀರಿನಡಿ ಮರಳದಿಣ್ಣೆ ಏಳುತ್ತದೆ. ದಿಣ್ಣೆಯ ಮೇಲೆ ಆಳ ಕಡಿಮೆ, ಅಲ್ಲೇ ತೆರೆ ಮುರಿಯುತ್ತದೆ. ಮೀನು ತುಂಬಿ ಬಂದ ಬೋಟು ಭಾರಕ್ಕೆ ಕೆಳಗಿಳಿದಿರುತ್ತದೆ. ಹಿಂದಿನಿಂದ ತೆರೆ ಎತ್ತಿ, ಮುಂದೆ ದಿಣ್ಣೆಗೆ ತಾಗಿದರೆ ಬೋಟು ಅಡ್ಡ ತಿರುಗುತ್ತದೆ. ಕಡಲಿನಲ್ಲಿ ಹತ್ತು ದಿನ ಏನೂ ಆಗದ ಬೋಟು ಮನೆಯೆದುರಿನ ಬಾಗಿಲಲ್ಲಿ ಮಗುಚುವುದು ಹೀಗೆ. ಎರಡೂ ಬದಿಗೆ ಕಲ್ಲಿನ ತಡೆಗೋಡೆ ಕಟ್ಟಿದರೆ ಹೊಳೆಯ ಸೆಳೆತ ಒಂದೇ ಕಡೆ ಕೂಡಿ ತಳವನ್ನು ತಾನೇ ಕೊರೆದುಕೊಳ್ಳುತ್ತದೆ. ಆದರೆ ಗೋಡೆ ಎಷ್ಟು ಉದ್ದ, ಯಾವ ಓರೆಯಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗೋಡೆಯ ಒಂದು ಬದಿಗೆ ಮರಳು ತುಂಬಿದರೆ ಇನ್ನೊಂದು ಬದಿಯ ದಡ ಕರಗುವುದೂ ಉಂಟು.

ಇಲ್ಲಿ ಹರಾಜಿನ ಗದ್ದಲವಿಲ್ಲ, ಲಾರಿಗಳ ಸಾಲಿಲ್ಲ. ಮಳೆಗಾಲಕ್ಕೆ ಬೋಟು ಮಲಗಿಸಲು, ಕೆಲಸ ಮಾಡಿಸಲು ಒಳ್ಳೆಯ ಊರು. ಹತ್ತು ತಿಂಗಳ ದುಡಿಮೆಗೆ ಸಾಲದು.

ಗಂಗೊಳ್ಳಿ: ಹೊಳೆ ಐದು, ಬಾಗಿಲು ಒಂದು

ಹೆದ್ದಾರಿಯಲ್ಲಿ ಕುಂದಾಪುರ ದಾಟಿ, ತ್ರಾಸಿಯಲ್ಲಿ ತಿರುಗಿದರೆ ಗಂಗೊಳ್ಳಿ. ಕುಂದಾಪುರದಿಂದ ನೋಡಿದರೆ ನೀರಿನಾಚೆ ಕಾಣುವ ಊರೇ ಇದು. ರಸ್ತೆ ಮಾತ್ರ ಸುತ್ತು ಹಾಕಿ ಬರುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕ ಎಂಬ ಐದು ಹೊಳೆಗಳು ಇಲ್ಲಿ ಕೂಡುವುದರಿಂದ ಪಂಚಗಂಗಾವಳಿ. ಮಲ್ಪೆಯಿಂದ ಕಡಲಿನಲ್ಲಿ ಬಂದರೆ ಸುಮಾರು 18 ನಾಟಿಕಲ್ ಮೈಲು, ತ್ರಾಲ್ ಬೋಟಿಗೆ ಎರಡು ಮೂರು ಗಂಟೆಯ ದಾರಿ.

ಮಾಲೀಕರು ಈ ಬಂದರಿನ ಮೇಲೆ ಕಣ್ಣಿಟ್ಟದ್ದಕ್ಕೆ ಕಾರಣಗಳಿದ್ದವು. ಮೊದಲನೆಯದು ಕಲಾಸಿಗಳು. ಮಲ್ಪೆಯ ಬೋಟುಗಳಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿ ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟು ಕಣ್ಮರೆಯಾದ 'ಸುವರ್ಣ ತ್ರಿಭುಜ' ಬೋಟಿನಲ್ಲಿದ್ದ ಏಳು ಮಂದಿಯಲ್ಲಿ ಐವರು ಉತ್ತರ ಕನ್ನಡದವರೇ. ಬೋಟಿನ ಅವಶೇಷವನ್ನು ನೌಕಾಪಡೆ ಮಹಾರಾಷ್ಟ್ರದ ಮಾಲ್ವಣ ತೀರದಾಚೆ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ಗಂಗೊಳ್ಳಿಗೆ ಬಂದರೆ ಆ ಕಡೆಯ ಕಲಾಸಿಗಳಿಗೆ ಮನೆ ಹತ್ತಿರವಾಗುತ್ತದೆ. ಮನೆ ಹತ್ತಿರವಾದರೆ ಬೋಟು ನಡೆಸುವ ಒಳ್ಳೆಯ ತಾಂಡೇಲನೂ ಕಲಾಸಿಗಳೂ ಬೇರೆ ಬೋಟು ಹಿಡಿಯದೆ ಉಳಿಯುತ್ತಾರೆ. ಎರಡನೆಯದು ಕಾಗದಪತ್ರ. ಗಂಗೊಳ್ಳಿಯೂ ಉಡುಪಿ ಜಿಲ್ಲೆಯದೇ. ಬೋಟಿನ ಹಣೆಯ ಮೇಲೆ ಬರೆದ 'ಐಎನ್‌ಡಿ–ಕೆಎ–02–ಎಂಎಂ' ಎಂಬ ಸಂಖ್ಯೆಯಲ್ಲಿ 02 ಎಂದರೆ ಉಡುಪಿ, ಎಂಎಂ ಎಂದರೆ ಯಾಂತ್ರಿಕ ಬೋಟು. ಜಿಲ್ಲೆ ಬದಲಾಗದಿದ್ದರೆ ನೋಂದಣಿಯ ತೊಡಕು ಕಡಿಮೆ. ತೆರಿಗೆ ವಿನಾಯಿತಿಯ ಡೀಸೆಲ್ ಸಿಗುವುದು ಮೀನುಗಾರಿಕಾ ಇಲಾಖೆಯ ದಾಖಲೆಗಳು ನೇರವಾಗಿದ್ದರೆ ಮಾತ್ರ. ಆ ಡೀಸೆಲ್ ಒಂದು ಟ್ರಿಪ್ಪಿಗೆ ತಪ್ಪಿದರೂ ಲಾಭವೆಲ್ಲ ಟ್ಯಾಂಕಿಗೇ ಹೋಗುತ್ತದೆ.

ದಡದಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆವು. ಅವರ ಕುಂದಗನ್ನಡದ ಉತ್ತರ ಚಿಕ್ಕದು: "ಬೋಟ್ ಕಟ್ಟುಕೆ ಜಾಗ ಇತ್ತ್. ಮೀನ್ ತಕಂಬುಕೆ ಜನ ಬೇಕಲ್ದಾ?"

ಗಂಗೊಳ್ಳಿಯಲ್ಲಿ ಮಾರುಕಟ್ಟೆ ಇಲ್ಲವೆಂದಲ್ಲ. ಬಂಗುಡೆ, ಭೂತಾಯಿಯ ಪರ್ಸೀನ್ ಬೋಟುಗಳಿಗೆ ಇದು ಚೆನ್ನಾಗಿಯೇ ನಡೆಯುವ ಬಂದರು. ಒಂದೇ ಜಾತಿಯ ಮೀನು ರಾಶಿ ರಾಶಿಯಾಗಿ ಬರುತ್ತದೆ, ಲಾರಿ ತುಂಬುತ್ತದೆ. ಆಳಸಮುದ್ರದ ತ್ರಾಲ್ ಬೋಟಿನ ಕಥೆ ಬೇರೆ. ಅದರ ಹೊಟ್ಟೆಯಲ್ಲಿ ಹತ್ತಾರು ಬಗೆಯ ಮೀನು, ಒಂದೊಂದಕ್ಕೂ ಬೇರೆ ಗಿರಾಕಿ. ಬೊಂಡಾಸಿನವನು ಬಂದು ರಾಣಿಮೀನಿನವನು ಬಾರದಿದ್ದರೆ ಅರ್ಧ ಮೀನನ್ನು ಮತ್ತೆ ಲಾರಿಯಲ್ಲಿ ಮಲ್ಪೆಗೇ ಕಳಿಸಬೇಕಾಗುತ್ತದೆ.

ಬಂದರಿನ ಸ್ಥಿತಿಯನ್ನೂ ನೋಡಬೇಕಲ್ಲ. 2021ರ ಮಳೆಗಾಲದಲ್ಲಿ ಇಲ್ಲಿಯ ಜೆಟ್ಟಿಯ ಒಂದು ಭಾಗ ಕುಸಿಯಿತು. 2023ರ ನವೆಂಬರ್ 13ರಂದು, ದೀಪಾವಳಿಯ ದಿನಗಳಲ್ಲಿ, ದಡದಲ್ಲಿ ನಿಲ್ಲಿಸಿದ್ದ ಬೋಟುಗಳಿಗೆ ಬೆಂಕಿ ಹತ್ತಿ ಒಂದರಿಂದ ಇನ್ನೊಂದಕ್ಕೆ ಹಬ್ಬಿತು. ಹಲವು ಬೋಟುಗಳು ಸುಟ್ಟುಹೋದವು. ಫೈಬರ್, ಡೀಸೆಲ್, ನೈಲಾನ್ ಬಲೆ ಇಷ್ಟು ಇರುವಲ್ಲಿ ಒಂದು ಕಿಡಿ ಸಾಕು. ಇದು ಗಂಗೊಳ್ಳಿಗಷ್ಟೇ ಇರುವ ಅಪಾಯವಲ್ಲ. ಬೋಟುಗಳನ್ನು ಮೈಗೆ ಮೈ ತಾಗಿಸಿ ಕಟ್ಟುವ ಎಲ್ಲ ಬಂದರುಗಳದೂ ಇದೇ ಪಾಡು. ಮಲ್ಪೆಯಲ್ಲಿ ಸಾಲು ಇನ್ನೂ ಉದ್ದ.

ಕಾರವಾರ: ಗಾಳಿಗೆ ಬೆನ್ನು ಕೊಡುವ ಕೊಲ್ಲಿ

ಬಂದರು ಬದಲಿಸುವ ಮಾತಿನಲ್ಲಿ ಕಾರವಾರ ಬರುವುದು ಇನ್ನೊಂದು ದಾರಿಯಿಂದ. ಮಲ್ಪೆಯಿಂದ ಕಡಲಿನಲ್ಲಿ ಸುಮಾರು 175 ಕಿಲೋಮೀಟರ್. ನೆಲೆಯಾಗಿ ನಿಲ್ಲಲು ಅಷ್ಟು ದೂರ ಯಾರೂ ಹೋಗುವುದಿಲ್ಲ. ಆದರೆ ಬೈತಖೋಲದ ಕೊಲ್ಲಿಗೆ ಬೆಟ್ಟದ ಆಸರೆ ಇದೆ, ಎದುರಿಗೆ ದ್ವೀಪಗಳ ಕಾವಲಿದೆ, ಹೊಳೆಬಾಯಿಯ ಮರಳದಿಣ್ಣೆಯ ಕಾಟವಿಲ್ಲ. 2017ರಲ್ಲಿ ಒಖಿ, 2019ರಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಮಲ್ಪೆ, ಮಂಗಳೂರು, ಗೋವಾ, ತಮಿಳುನಾಡಿನ ನೂರಾರು ಬೋಟುಗಳು ಬಂದು ಆಶ್ರಯ ಪಡೆದದ್ದು ಇಲ್ಲಿಯೇ. ಅಳಿವೆಯಲ್ಲಿ ತೆರೆ ಎದ್ದಾಗ ಸ್ವಂತ ಬಂದರಿಗೆ ನುಗ್ಗುವುದಕ್ಕಿಂತ ಕಾರವಾರಕ್ಕೆ ಓಡುವುದೇ ಲೇಸೆಂದು ತಾಂಡೇಲರು ಬಲ್ಲರು.

ಇದೇ ಕಾರವಾರದಲ್ಲಿ ಬಂದರು ಬದಲಿಸುವುದು ಮಾಲೀಕನ ಆಯ್ಕೆಯಾಗಿರದ ಚರಿತ್ರೆಯೂ ಇದೆ. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಆ ನಡುವೆ ಅರ್ಗಾ ಮತ್ತು ಸುತ್ತಲಿನ ಊರುಗಳ ಸಾವಿರಾರು ಕುಟುಂಬಗಳು ಎದ್ದುಹೋಗಬೇಕಾಯಿತು. ಮೀನುಗಾರರು ಮುದಗಾ, ಹಾರವಾಡದಂಥ ಕಡೆ ನೆಲೆ ಕಂಡುಕೊಂಡರು. ಬೋಟನ್ನು ಒಯ್ಯುವುದು ಒಂದು ದಿನದ ಕೆಲಸ. ಗೊತ್ತಿದ್ದ ಬಂಡೆ, ಗೊತ್ತಿದ್ದ ಸೆಳೆತ, ಗೊತ್ತಿದ್ದ ಗಿರಾಕಿಯನ್ನು ಹೊಸ ಕಡೆ ಮತ್ತೆ ಗಳಿಸಲು ವರ್ಷಗಳು ಬೇಕು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಮಾತು ಬಂದಾಗ ಕಾರವಾರದ ಮೀನುಗಾರರು ಬೀದಿಗಿಳಿದದ್ದರ ಹಿಂದೆ ಈ ನೆನಪೂ ಇತ್ತು.

ಲೆಕ್ಕ ಹೇಗೆ ಹಾಕಬೇಕು

ಕೊಚ್ಚಿಯ ಬೋಳ್ಗಾಟಿಯಲ್ಲಿ ವಿಹಾರನೌಕೆಗಳಿಗೆಂದು ಒಂದು ಮರೀನಾ ಇದೆ. ಅಲ್ಲಿ ನೌಕೆ ನಿಲ್ಲಿಸುವವರು ಬಾಡಿಗೆ ಎಷ್ಟು, ಕರೆಂಟು ನೀರು ಇದೆಯೇ ಎಂದು ನೋಡಿ ತೀರ್ಮಾನಿಸಿದರೆ ಸಾಕು. ದುಡಿಯುವ ಬೋಟಿಗೆ ಅಷ್ಟು ಸಾಲದು. ಸುತ್ತಾಟ ಮುಗಿಸಿ ಬರುವಾಗ ಮಾಲೀಕರ ಜೊತೆ ಕೂತು ಪಟ್ಟಿ ಮಾಡಿದೆವು. ಅಳಿವೆಯಲ್ಲಿ ಇಳಿತದ ಹೊತ್ತಿಗೂ ತುಂಬಿದ ಬೋಟು ದಾಟುವಷ್ಟು ಆಳವಿದೆಯೇ? ನಮ್ಮ ಬಲೆಗೆ ಬೀಳುವ ಎಲ್ಲ ಬಗೆಯ ಮೀನಿಗೂ ಗಿರಾಕಿ ಬರುತ್ತಾನೆಯೇ? ಡೀಸೆಲ್ ಮತ್ತು ಮಂಜು ಒಂದೇ ದಿನದಲ್ಲಿ ಸಿಗುತ್ತವೆಯೇ? ಕಲಾಸಿಗಳು ಜೊತೆಗೆ ಬರುತ್ತಾರೆಯೇ? ವಿಮೆಯ ಕಾಗದದಲ್ಲಿ ಬೋಟು ನಿಲ್ಲುವ ಜಾಗದ ಬಗ್ಗೆ ಏನು ಬರೆದಿದೆ?

ಕೊನೆಯ ಪ್ರಶ್ನೆಯನ್ನು ಅವರೇ ಸೇರಿಸಿದರು, ನಗುತ್ತ: ಸಾಲ ಯಾರಲ್ಲಿದೆ? ಬೋಟು ನೀರಿಗಿಳಿಯಲು ಮುಂಗಡ ಕೊಟ್ಟ ಕಮಿಷನ್ ಏಜೆಂಟರ ಮೂಲಕವೇ ಮೀನು ಮಾರುವುದು ಬಂದರಿನ ರೂಢಿ. ಏಜೆಂಟರಿರುವುದು ಮಲ್ಪೆಯಲ್ಲಿ. ಬಂದರು ಬದಲಿಸುವುದೆಂದರೆ ಮೊದಲು ಆ ಬಾಕಿ ತೀರಿಸಬೇಕು. ಅದೇ ಏಜೆಂಟರು ಎಂಜಿನ್ ಕೆಟ್ಟಾಗ ರಾತ್ರೋರಾತ್ರಿ ಹಣ ಕಳಿಸುವವರೂ ಹೌದು. ಹೊಸ ಬಂದರಿನಲ್ಲಿ ಮೊದಲ ವರ್ಷ ಅಷ್ಟು ನಂಬುವವರು ಯಾರು?

ಇಷ್ಟೆಲ್ಲ ನೋಡಿದ ಮೇಲೆ ನನಗನಿಸಿದ್ದು, 'ಯಾವ ಬಂದರು' ಎಂಬ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಅವಿತಿವೆ. ಮೀನು ಎಲ್ಲಿ ಇಳಿಸುವುದು, ಮಳೆಗಾಲಕ್ಕೆ ಬೋಟು ಎಲ್ಲಿ ಮಲಗಿಸುವುದು, ಗಾಳಿಗೆ ಎಲ್ಲಿ ಓಡುವುದು. ಮೂರಕ್ಕೂ ಒಂದೇ ಊರು ಉತ್ತರವಾಗಬೇಕೆಂದು ಹಟ ಹಿಡಿದಾಗಲೇ ಮಲ್ಪೆ ಇಕ್ಕಟ್ಟಾಗಿ ಕಾಣುವುದು. ಮಳೆಗಾಲದ ಎರಡು ತಿಂಗಳು ದೊಡ್ಡ ಬೋಟುಗಳಲ್ಲಿ ಒಂದು ಪಾಲು ಹಂಗಾರಕಟ್ಟೆಯಂಥ ಹಿನ್ನೀರಿಗೆ ಹೋದರೂ ಉಳಿದವುಗಳಿಗೆ ಉಸಿರಾಡಲು ಜಾಗವಾದೀತು. ಸರ್ಕಾರವೂ ಹೊಸ ಬಂದರು ಕಟ್ಟುವಾಗ ಇದನ್ನು ಗಮನಿಸಬೇಕು. ಮಂಗಳೂರು ಬಳಿಯ ಕುಳಾಯಿಯಲ್ಲಿ ಮೀನುಗಾರಿಕಾ ಬಂದರಿಗೆ 2022ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿಯವರು ಶಂಕುಸ್ಥಾಪನೆ ಮಾಡಿದರು. ಅಂಥ ಕಡೆ ಕಾಂಕ್ರೀಟಿನ ಜೆಟ್ಟಿ ಎದ್ದರಷ್ಟೇ ಬೋಟುಗಳು ಬರುವುದಿಲ್ಲ. ಮಂಜಿನ ಕಾರ್ಖಾನೆ, ಡೀಸೆಲ್ ಬಂಕು, ಹರಾಜಿಗೆ ಬರುವ ಹತ್ತು ಬಗೆಯ ಗಿರಾಕಿಗಳು ಜೊತೆಗೆ ಬರಬೇಕು.

ಮಾಲೀಕರ ತೀರ್ಮಾನವೂ ಅಲ್ಲಿಗೇ ಬಂತು. ಮೀನು ಇಳಿಸುವುದು ಮಲ್ಪೆಯಲ್ಲೇ. ಈ ಮಳೆಗಾಲಕ್ಕೆ ಬೋಟು ಹಂಗಾರಕಟ್ಟೆಗೆ. ತಳದ ಕೆಲಸವೂ ಅಲ್ಲೇ ಮುಗಿಯುತ್ತದೆ. ಗಂಗೊಳ್ಳಿಯ ವಿಚಾರ ಅಲ್ಲಿಯ ಜೆಟ್ಟಿ ನೆಟ್ಟಗಾಗಿ, ಬೊಂಡಾಸಿನ ಗಿರಾಕಿಗಳು ಕಾಲೂರಿದ ಮೇಲೆ. ತಾಂಡೇಲನಿಗೆ ಫೋನ್ ಹಚ್ಚಿ, ನಿಷೇಧ ಶುರುವಾಗುವ ಮೊದಲೇ ಉಬ್ಬರ ನೋಡಿಕೊಂಡು ಕೋಡಿಬೆಂಗ್ರೆಯ ಅಳಿವೆ ದಾಟಿಸಲು ಹೇಳಿದರು.